ಕುಡಿದ ನೀರಿನ ಲೆಕ್ಕ: ನಾಯಿಗಳ ಹಾರ್ಮೋನ್ ಕಾಯಿಲೆಗಳು ಮತ್ತು ನನ್ನ ಅನುಭವ

"ವಯಸ್ಸಾಯ್ತಲ್ಲ ಡಾಕ್ಟ್ರೇ, ಅದಕ್ಕೇ ಹೀಗೆ" ಎಂಬ ಮಾತನ್ನು ಕೇಳಿದಷ್ಟು ಬೇರಾವ ಮಾತನ್ನೂ ಪಶುವೈದ್ಯನಾಗಿ ನಾನು ಕೇಳಿಲ್ಲ. ಎಂಟೊಂಬತ್ತು ವರ್ಷದ ನಾಯಿಯ ಹೊಟ್ಟೆ ಜೋತುಬಿದ್ದಿರುತ್ತದೆ, ಮೆಟ್ಟಿಲು ಹತ್ತಲು ಅದು ಹಿಂಜರಿಯುತ್ತದೆ, ಪಕ್ಕೆಗಳ ಮೇಲಿನ ಕೂದಲು ತೆಳುವಾಗಿರುತ್ತದೆ, ರಾತ್ರಿ ಎರಡು ಸಲ ಎದ್ದು ಬಾಗಿಲ ಬಳಿ ನಿಲ್ಲುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಆ ಮಾತಿಗೆ ತಲೆಯಾಡಿಸಿ, ಊಟ ಕಡಿಮೆ ಮಾಡಲು ಹೇಳಿ, ಒಂದು ಟಾನಿಕ್ ಬರೆದುಕೊಟ್ಟು ಕಳುಹಿಸುತ್ತಿದ್ದೆ. ಹಾಗೆ ಹೋದ ನಾಯಿಗಳಲ್ಲಿ ಎಷ್ಟಕ್ಕೆ ಚಿಕಿತ್ಸೆಗೆ ಬಗ್ಗುವ ಕಾಯಿಲೆ ಇತ್ತೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನನ್ನ ಕಣ್ಣು ತೆರೆಸಿದ್ದು ಒಂದು ಸರಳ ಲೆಕ್ಕ. ನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಹಾರ್ಮೋನ್ ಕಾಯಿಲೆಗಳು ಮೂರು: ಥೈರಾಯ್ಡ್ ಗ್ರಂಥಿ ಸೊರಗುವ ಹೈಪೋಥೈರಾಯ್ಡಿಸಂ, ಒತ್ತಡವನ್ನು ಎದುರಿಸಲು ಮೈ ಹೊರಡಿಸುವ ಹಾರ್ಮೋನಾದ ಕಾರ್ಟಿಸಾಲ್ ಮಿತಿಮೀರುವ ಕುಶಿಂಗ್ಸ್ ಕಾಯಿಲೆ ಮತ್ತು ಮಧುಮೇಹ. ಸಾಮಾನ್ಯ ಚಿಕಿತ್ಸಾಲಯಗಳಿಗೆ ಬರುವ ನಾಯಿಗಳನ್ನೆಲ್ಲ, ಮರಿಗಳನ್ನೂ ಬಿಡದೆ, ಎಣಿಸಿದರೆ ಇವುಗಳಲ್ಲಿ ಒಂದೊಂದೂ ಸಾವಿರಕ್ಕೆ ಸುಮಾರು 2ರಿಂದ 4 ನಾಯಿಗಳಲ್ಲಿರುತ್ತದೆ; ಕಾರ್ಟಿಸಾಲ್ ಕೊರತೆಯ ಅಡಿಸನ್ಸ್ ಕಾಯಿಲೆ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಅಂಕಿ ಚಿಕ್ಕದೆನಿಸಬಹುದು. ಆದರೆ ಅಡಿಸನ್ಸ್ ಒಂದನ್ನುಳಿದು ಈ ಕಾಯಿಲೆಗಳು ಬಹುಮಟ್ಟಿಗೆ ನಡುವಯಸ್ಸು ದಾಟಿದ ನಾಯಿಗಳವು. ಲಸಿಕೆಗೆ ಬರುವ ಮರಿಗಳನ್ನು ಬದಿಗಿಟ್ಟು ಕಾಯಿಲೆಯೆಂದು ಬರುವ ಹಿರಿಯ ನಾಯಿಗಳನ್ನಷ್ಟೇ ನೋಡಿದರೆ ಪ್ರಮಾಣ ಬಹಳ ಏರುತ್ತದೆ. ನನ್ನ ದಾಖಲೆಯಲ್ಲಿ ಆಗ 2000ಕ್ಕೂ ಹೆಚ್ಚು ನಾಯಿಗಳಿದ್ದವು. ಆ ಲೆಕ್ಕದಂತೆ ಕನಿಷ್ಠ 12 ರೋಗಿಗಳಾದರೂ ನನಗೆ ಸಿಗಬೇಕಿತ್ತು. ಒಂದು ಸಂಜೆ ಕಡತಗಳನ್ನೆಲ್ಲ ತಿರುವಿ ಹಾಕಿದಾಗ ಸಿಕ್ಕಿದ್ದು 4. ಉಳಿದವು ನನ್ನ ಮೇಜಿನ ಮುಂದೆಯೇ ಬಂದು ಹೋಗಿದ್ದವು, ನಾನು ಗುರುತಿಸಿರಲಿಲ್ಲ.

ಅಂದಿನಿಂದ ಏಳು ವರ್ಷ ದಾಟಿದ ಪ್ರತಿ ನಾಯಿಯ ಮನೆಯವರಿಗೂ ಒಂದು ಕೆಲಸ ಹೇಳತೊಡಗಿದೆ. "ನೀರು ಜಾಸ್ತಿ ಕುಡಿಯುತ್ತದೆಯೇ?" ಎಂದು ಕೇಳಿದರೆ "ಮಾಮೂಲಿನಂತೆಯೇ" ಎಂಬ ಉತ್ತರ ಬರುತ್ತದೆ, ಏಕೆಂದರೆ ದಿನವೂ ನೋಡುವ ಕಣ್ಣಿಗೆ ನಿಧಾನವಾದ ಏರಿಕೆ ಕಾಣುವುದಿಲ್ಲ. ಆದ್ದರಿಂದ ನಾನು ಕೇಳುವುದನ್ನು ಬಿಟ್ಟು ಅಳೆಯಲು ಹೇಳುತ್ತೇನೆ: ಬೆಳಿಗ್ಗೆ ಅಳತೆ ಮಾಡಿ ನೀರು ಹಾಕಬೇಕು, ನಡುವೆ ತುಂಬಿಸಿದ್ದನ್ನೂ ಬರೆದುಕೊಳ್ಳಬೇಕು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಬೇಕು, ಹೀಗೆ ಮೂರು ದಿನ. ಮನೆಯಲ್ಲಿ ಇನ್ನೊಂದು ಪ್ರಾಣಿಯಿದ್ದರೆ ಅದರ ಬಟ್ಟಲು ಬೇರೆಯೇ ಇರಬೇಕು. ಆರೋಗ್ಯವಂತ ನಾಯಿ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ಕುಡಿಯುತ್ತದೆ. 100 ದಾಟಿದರೆ, ಅಂದರೆ 20 ಕಿಲೋ ನಾಯಿ 2 ಲೀಟರಿಗಿಂತ ಹೆಚ್ಚು ಕುಡಿದರೆ, ಕಾರಣ ಹುಡುಕಲೇಬೇಕು. ಮೂತ್ರ ಹೆಚ್ಚಾಯಿತೆಂದು ನೀರು ಕೊಡುವುದನ್ನು ಕಡಿಮೆ ಮಾಡಬಾರದು ಎಂಬುದನ್ನು ಮಾತ್ರ ಎರಡೆರಡು ಸಲ ಹೇಳುತ್ತೇನೆ. ಈ ನಾಯಿಗಳು ಹೆಚ್ಚು ಕುಡಿಯುವುದೇ ಮೂತ್ರದಲ್ಲಿ ನೀರು ಹರಿದುಹೋಗುತ್ತಿರುವುದರಿಂದ. ಬಟ್ಟಲನ್ನು ಎತ್ತಿಟ್ಟರೆ ಮೈ ಒಣಗಿ ಪ್ರಾಣಕ್ಕೇ ಕುತ್ತು ಬರುತ್ತದೆ.

ಹೀಗೆ ಅಳೆಸಿದ ಮೊದಲ ತಿಂಗಳುಗಳಲ್ಲೇ ಒಂಬತ್ತು ವರ್ಷದ ಒಂದು ಪುಟ್ಟ ಪೂಡಲ್ ನಾಯಿ ಬಂತು. ಮನೆಯವರು ಒಂದು ಹಾಳೆಯ ಮೇಲೆ ಮೂರು ದಿನದ ಅಂಕಿಗಳನ್ನು ಬರೆದು ತಂದಿದ್ದರು. ಕಿಲೋಗೆ 130 ಮಿಲಿಲೀಟರ್. ಮೇಜಿನ ಮೇಲೆ ನಿಲ್ಲಿಸಿದಾಗ ಅದು ಬಿಸಿಲಿಲ್ಲದೆಯೂ ಏದುಸಿರು ಬಿಡುತ್ತಿತ್ತು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದರೆ ತೆಳು ಕಾಗದದಂತೆ ಮಡಿಕೆ ಬೀಳುತ್ತಿತ್ತು, ಒಳಗಿನ ನೀಲಿ ರಕ್ತನಾಳಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಅದು ಕುಶಿಂಗ್ಸ್. ಇಂತಹ ನಾಯಿಗಳಲ್ಲಿ ನೂರಕ್ಕೆ 80ರಿಂದ 85ರಲ್ಲಿ ಮೂಲವಿರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಣ್ಣ ಗೆಡ್ಡೆಯಲ್ಲಿ. ಉಳಿದವುಗಳಲ್ಲಿ ಮೂತ್ರಪಿಂಡದ ಪಕ್ಕದಲ್ಲಿದ್ದು ಕಾರ್ಟಿಸಾಲ್ ಹೊರಡಿಸುವ ಅಡ್ರಿನಲ್ ಗ್ರಂಥಿಯಲ್ಲೇ ಗೆಡ್ಡೆ ಇರುತ್ತದೆ. ಖಚಿತಪಡಿಸಲು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಕಡಿಮೆ ಪ್ರಮಾಣದಲ್ಲಿ ಚುಚ್ಚಿ, ಆರೋಗ್ಯವಂತ ನಾಯಿಯಲ್ಲಿ ಇಳಿಯುವಂತೆ ಕಾರ್ಟಿಸಾಲ್ ಇಳಿದಿದೆಯೇ ಎಂದು 4 ಮತ್ತು 8 ಗಂಟೆಗಳ ನಂತರ ನೋಡುತ್ತೇವೆ. ಬೇರೆ ಕಾಯಿಲೆಯಿಂದ ನರಳುತ್ತಿರುವ ನಾಯಿಯಲ್ಲೂ ಈ ಪರೀಕ್ಷೆ ಕುಶಿಂಗ್ಸ್ ಇದೆಯೆಂದು ತಪ್ಪಾಗಿ ಹೇಳಬಹುದಾದ್ದರಿಂದ, ಲಕ್ಷಣವಿಲ್ಲದ ನಾಯಿಗೆ ನಾನು ಅದನ್ನು ಮಾಡುವುದೇ ಇಲ್ಲ. ಕಾರ್ಟಿಸಾಲ್ ತಗ್ಗಿಸುವ ಟ್ರೈಲೋಸ್ಟೇನ್ ಮಾತ್ರೆಯನ್ನು ಊಟದ ಜೊತೆ ಕೊಡತೊಡಗಿದ ಮೇಲೆ ಆ ನಾಯಿಯ ನೀರಿನ ಹಾಳೆಯಲ್ಲಿ ಅಂಕಿಗಳು ವಾರದಿಂದ ವಾರಕ್ಕೆ ಇಳಿದವು. ಈ ಔಷಧ ಹೆಚ್ಚಾದರೆ ಕಾರ್ಟಿಸಾಲ್ ತೀರಾ ಕುಸಿಯುತ್ತದೆ. ಹಾಗಾಗಿ ವಾಂತಿಯಾದರೆ, ಊಟ ಬಿಟ್ಟರೆ ಮಾತ್ರೆ ನಿಲ್ಲಿಸಿ ಕೂಡಲೇ ಕರೆಮಾಡಿ ಎಂದು ಬರೆದೇ ಕೊಡುತ್ತೇನೆ.

ಕಾಯಿಲೆಯನ್ನು ಕಾಣದೆ ಹೋಗುವುದು ಒಂದು ತಪ್ಪಾದರೆ, ಇಲ್ಲದ ಕಾಯಿಲೆಯನ್ನು ಕಾಣುವುದು ಇನ್ನೊಂದು ತಪ್ಪು. ಥೈರಾಯ್ಡ್ ವಿಷಯದಲ್ಲಿ ನಾನು ಈ ಎರಡನೆಯದನ್ನು ಮಾಡಿದ್ದೇನೆ. ಏಳು ವರ್ಷದ ಲ್ಯಾಬ್ರಡಾರ್ ಒಂದಕ್ಕೆ ಎರಡೂ ಪಕ್ಕೆಗಳಲ್ಲಿ ಸಮನಾಗಿ ಕೂದಲು ಉದುರಿತ್ತು, ತೂಕ ಏರಿತ್ತು, ತುರಿಕೆ ಇರಲಿಲ್ಲ. ರಕ್ತದಲ್ಲಿ ಟಿ4, ಅಂದರೆ ಥೈರಾಯ್ಡ್ ಹಾರ್ಮೋನು, ಕಡಿಮೆ ಬಂತು. ಅದೊಂದೇ ಅಂಕಿಯನ್ನು ನಂಬಿ ಆ ಹಾರ್ಮೋನಿನದೇ ಮಾತ್ರೆಯಾದ ಲೆವೊಥೈರಾಕ್ಸಿನ್ ಶುರುಮಾಡಿದೆ. ಎರಡು ತಿಂಗಳಾದರೂ ಏನೂ ಬದಲಾಗಲಿಲ್ಲ. ಆಗ ನೀರು ಅಳೆಸಿದೆ. ಕಿಲೋಗೆ 100 ಮಿಲಿಲೀಟರಿಗೂ ಮಿಗಿಲಾಗಿತ್ತು. ಥೈರಾಯ್ಡ್ ಕೊರತೆಯಿಂದ ಬಾಯಾರಿಕೆ ಹೆಚ್ಚುವುದಿಲ್ಲ. ಮನೆಯಲ್ಲಿರುವ ಔಷಧಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದೆ. ಚೀಲದಲ್ಲಿ ಕಿವಿಯ ತುರಿಕೆಗೆ ಎಂದೋ ಬರೆದುಕೊಟ್ಟಿದ್ದ ಹನಿಮದ್ದಿನ ಸೀಸೆಯಿತ್ತು, ಅದರ ಜೊತೆಗೆ ಒಂದು ಚರ್ಮದ ಮುಲಾಮು. ಎರಡರಲ್ಲೂ ಬಲವಾದ ಸ್ಟೀರಾಯ್ಡ್, ಎರಡನ್ನೂ ತಿಂಗಳುಗಟ್ಟಲೆ ನಿಲ್ಲಿಸದೆ ಹಚ್ಚಿದ್ದರು. ಸ್ಟೀರಾಯ್ಡ್ ಮೈಯಲ್ಲಿ ಕಾರ್ಟಿಸಾಲಿನಂತೆಯೇ ಕೆಲಸ ಮಾಡುತ್ತದೆ. ಚರ್ಮದಿಂದ ಒಳಗಿಳಿದ ಸ್ಟೀರಾಯ್ಡೇ ಕುಶಿಂಗ್ಸ್‌ನ ರೂಪ ಕೊಟ್ಟಿತ್ತು, ಟಿ4 ಅನ್ನೂ ಅದೇ ತಗ್ಗಿಸಿತ್ತು. ನಾನು ಮೊದಲ ದಿನವೇ ಕೇಳಿದ್ದರೆ ಆ ನಾಯಿಗೆ ಎರಡು ತಿಂಗಳು ಉಳಿಯುತ್ತಿತ್ತು. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸದೆ, ಮಲಗಿಹೋದ ಅಡ್ರಿನಲ್ ಗ್ರಂಥಿಗಳು ಎಚ್ಚರಗೊಳ್ಳುವಷ್ಟು ಸಮಯ ಕೊಟ್ಟು ಇಳಿಸಿದೆವು.

ಟಿ4 ಎಷ್ಟೋ ಕಾರಣಗಳಿಗೆ ಇಳಿಯುತ್ತದೆ. ಅಪಸ್ಮಾರಕ್ಕೆ ಕೊಡುವ ಫಿನೋಬಾರ್ಬಿಟಾಲ್, ಸಲ್ಫಾ ಔಷಧಗಳು, ಬೇರೆ ಯಾವುದೇ ಗಂಭೀರ ಕಾಯಿಲೆ, ಇವೆಲ್ಲ ಅದನ್ನು ತಗ್ಗಿಸುತ್ತವೆ. ಗ್ರೇಹೌಂಡ್‌ನಂತಹ ತಳಿಗಳಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ಈಗ ನಾನು ಲಕ್ಷಣ, ಟಿ4, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್, ಕೊಲೆಸ್ಟರಾಲ್ ನಾಲ್ಕೂ ಒಂದೇ ಕಡೆ ಬೆರಳು ತೋರಿಸುವವರೆಗೆ ಕಾಯುತ್ತೇನೆ. ನಿಜವಾಗಿ ಕೊರತೆಯಿದ್ದ ನಾಯಿ ಮಾತ್ರೆ ಶುರುಮಾಡಿದ ಒಂದೆರಡು ವಾರಗಳಲ್ಲೇ ಲವಲವಿಕೆ ತೋರುತ್ತದೆ, ಕೂದಲು ಬರಲು ತಿಂಗಳುಗಳೇ ಬೇಕು.

ಮಧುಮೇಹವನ್ನು ಮನೆಯವರೇ ಮೊದಲು ಕಂಡುಹಿಡಿದ ಪ್ರಸಂಗಗಳು ನನ್ನಲ್ಲಿ ಹೆಚ್ಚು. ನಾಯಿ ಮೂತ್ರ ಮಾಡಿದಲ್ಲಿ ಇರುವೆ ಮುತ್ತುತ್ತಿವೆ ಎಂದು ಬರುತ್ತಾರೆ. ಸಂತಾನಹರಣ ಮಾಡಿಸದ ಹೆಣ್ಣುನಾಯಿಗೆ ಬೆದೆ ಮುಗಿದ ವಾರಗಳಲ್ಲಿ ಇದು ಬರುವುದುಂಟು. ಆಗ ಏರುವ ಪ್ರೊಜೆಸ್ಟರಾನ್, ಸ್ತನಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸಿ ಇನ್ಸುಲಿನ್ನಿನ ಬಲವನ್ನು ಕುಂದಿಸುತ್ತದೆ. ಬೇಗನೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿದರೆ ಕೆಲವು ನಾಯಿಗಳಲ್ಲಿ ಕಾಯಿಲೆಯೇ ಹಿಮ್ಮೆಟ್ಟುತ್ತದೆ. ಉಳಿದವಕ್ಕೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಲೇಬೇಕು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಶಕ್ತಿಯನ್ನು ಮೊದಲು ಕಂಡದ್ದು ನಾಯಿಗಳಲ್ಲೇ ಎಂಬುದನ್ನು ಚುಚ್ಚಲು ಅಂಜುವವರಿಗೆ ಹೇಳುತ್ತೇನೆ. ಆ ಋಣ ನಮ್ಮ ಮೇಲಿದೆ. ಎಚ್ಚರ ಬೇಕಾದದ್ದು ಸಿರಿಂಜಿನ ವಿಷಯದಲ್ಲಿ. ಮಿಲಿಲೀಟರಿಗೆ 40 ಯುನಿಟ್ ಇರುವ ಇನ್ಸುಲಿನ್‌ಗೆ 40ರ ಸಿರಿಂಜ್, 100 ಯುನಿಟ್ಟಿನದಕ್ಕೆ 100ರದು. 100 ಯುನಿಟ್ಟಿನ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧ ಒಳಹೋಗುತ್ತದೆ. ಮೊದಲ ಸಲ ನನ್ನೆದುರಿಗೇ ಎಳೆದು ತೋರಿಸದೆ ಯಾರನ್ನೂ ಮನೆಗೆ ಕಳುಹಿಸುವುದಿಲ್ಲ. ಕಣ್ಣಿನ ಪೊರೆ ಬೇಗ ಬರುತ್ತದೆ, ಹೆಚ್ಚಿನ ನಾಯಿಗಳಲ್ಲಿ ವರ್ಷ ಒಂದೂವರೆ ವರ್ಷದೊಳಗೆ. ಇದನ್ನೂ ಮೊದಲೇ ಹೇಳಿಬಿಡುತ್ತೇನೆ.

ಅಪರೂಪದ್ದಾದರೂ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿರುವುದು ಅಡಿಸನ್ಸ್. ನಾಲ್ಕು ವರ್ಷದ ಹೆಣ್ಣುನಾಯಿ, ಆರು ತಿಂಗಳಲ್ಲಿ ಮೂರು ಸಲ ವಾಂತಿ, ಭೇದಿ, ನಿಶ್ಶಕ್ತಿಯೆಂದು ಬಂತು. ಪ್ರತಿ ಸಲವೂ ಡ್ರಿಪ್ ಹಾಕಿದ ಮರುದಿನ ಬಾಲ ಆಡಿಸುತ್ತ ಮನೆಗೆ ಹೋಯಿತು. ಹೊಟ್ಟೆ ಕೆಟ್ಟಿದೆ ಎಂದೇ ಮೂರು ಸಲವೂ ಬರೆದಿದ್ದೆ. ನಾಲ್ಕನೆಯ ಸಲ ಎತ್ತಿಕೊಂಡು ಬಂದರು. ಒಸಡು ಬಿಳಿಚಿತ್ತು, ಕಾಲು ತಣ್ಣಗಿದ್ದವು. ಸ್ಟೆತಸ್ಕೋಪ್ ಇಟ್ಟು ಗಡಿಯಾರ ನೋಡಿದರೆ ಎದೆಬಡಿತ ನಿಮಿಷಕ್ಕೆ 50. ನೀರಿಲ್ಲದೆ ಕುಸಿದ ನಾಯಿಯ ಎದೆ ದಡಬಡನೆ ಹೊಡೆದುಕೊಳ್ಳಬೇಕು, ಇದು ನಿಧಾನವಾಗಿತ್ತು. ಅಡಿಸನ್ಸ್‌ನಲ್ಲಿ ಮೈಯ ಲವಣಗಳನ್ನು ಹದದಲ್ಲಿಡುವ ಅಡ್ರಿನಲ್ ಹಾರ್ಮೋನೂ ಕುಂದುವುದರಿಂದ ಪೊಟ್ಯಾಸಿಯಂ ಏರಿ ಹೃದಯವನ್ನು ತಡೆಯುತ್ತಿತ್ತು. ಸೋಡಿಯಂ ಅನ್ನು ಪೊಟ್ಯಾಸಿಯಂನಿಂದ ಭಾಗಿಸಿದರೆ 27ಕ್ಕಿಂತ ಮೇಲಿರಬೇಕಾದ್ದು 18 ಆಗಿತ್ತು. ಹಳೆಯ ರಕ್ತ ವರದಿಗಳನ್ನು ತೆಗೆದು ನೋಡಿದೆ: ಅಷ್ಟು ನರಳುವ ನಾಯಿಯಲ್ಲಿ ಕಾರ್ಟಿಸಾಲಿನ ಒತ್ತಡಕ್ಕೆ ಇಳಿಯಬೇಕಿದ್ದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮೂರೂ ಸಲ ಇಳಿದಿರಲಿಲ್ಲ. ಎಲ್ಲ ಸರಿಯಿದೆ ಎಂದು ನಾನು ಓದಿದ್ದ ಸಾಲೇ ಸುಳಿವಾಗಿತ್ತು.

ಆ ನಾಯಿ ಬದುಕಿತು. ಕೊರತೆಯಾದ ಹಾರ್ಮೋನುಗಳ ಬದಲಿಗೆ ಬೆಳಿಗ್ಗೆ ಫ್ಲೂಡ್ರೊಕಾರ್ಟಿಸೋನ್ ಮತ್ತು ಚೂರು ಪ್ರೆಡ್ನಿಸೊಲೋನ್, ಪ್ರಯಾಣವೋ ಪಟಾಕಿಯೋ ಮನೆತುಂಬ ಜನವೋ ಇರುವ ದಿನ ಪ್ರೆಡ್ನಿಸೊಲೋನ್ ಎರಡು ಪಟ್ಟು, ಇದು ಜೀವನಪರ್ಯಂತ. ಮನೆಯವರು ಅದಕ್ಕೊಂದು ಪುಸ್ತಕ ಇಟ್ಟಿದ್ದಾರೆ. ಕಳೆದ ಸಲ ತಂದಾಗ ಪೊಟ್ಯಾಸಿಯಂ 4.6, ಅಂದರೆ ಸರಿಯಾಗಿಯೇ, ಇತ್ತು, ಅದನ್ನು ಆ ಪುಸ್ತಕದಲ್ಲಿ ನಾನೇ ಬರೆದುಕೊಟ್ಟೆ.