ಸೀಟಿ ಬಿಟ್ಟು ಸಂತೆ ಚೀಲ ಕೊಟ್ಟೆ: ಎನ್‌ಡಿಎ ಬೇಸಿಗೆ ಶಿಬಿರದ ನನ್ನ ಅನುಭವ

"ಸುಬೇದಾರ್ ಸಾಬ್, ಇದು ಎನ್‌ಡಿಎ ಶಿಬಿರವೋ ಅಡುಗೆಭಟ್ಟರ ಶಿಬಿರವೋ?"

2022ರ ಮೇ ತಿಂಗಳಲ್ಲಿ ನಮ್ಮ ಶಿಬಿರ ನೋಡಲು ಬಂದಿದ್ದ ನಿವೃತ್ತ ಕರ್ನಲ್ ಒಬ್ಬರು ಕೇಳಿದ ಮಾತು. ಎನ್‌ಡಿಎ ಅಂದರೆ ಪುಣೆ ಹತ್ತಿರ ಖಡಕ್ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ; ಅದರ ಪ್ರವೇಶಕ್ಕೆ ಮಕ್ಕಳನ್ನು ತಯಾರು ಮಾಡುವ ಬೇಸಿಗೆ ಶಿಬಿರ ನಮ್ಮದು. ಆಗ ಇಬ್ಬರು ಹುಡುಗರು ದೊಡ್ಡ ಪಾತ್ರೆಯಲ್ಲಿ ಮುದ್ದೆ ತೊಳಸುತ್ತಿದ್ದರು. ಇನ್ನೊಬ್ಬ ಲೆಕ್ಕದ ಪುಸ್ತಕ ತೊಡೆ ಮೇಲಿಟ್ಟುಕೊಂಡು ಅಳುಮುಖ ಮಾಡಿ ಕೂತಿದ್ದ. ಆ ಅಳುಮುಖದವನೇ 2024ರ ಜನವರಿಯಲ್ಲಿ ಖಡಕ್ವಾಸ್ಲಾದ ಗೇಟು ದಾಟಿದ. ಕರ್ನಲ್ ಸಾಹೇಬರು ಹೋದ ವರ್ಷ ತಮ್ಮ ತಂಗಿಯ ಮೊಮ್ಮಗನನ್ನೇ ನನ್ನಲ್ಲಿಗೆ ಕಳಿಸಿದರು. ನಾನೇನೂ ಹಳೇ ಮಾತು ಎತ್ತಲಿಲ್ಲ. ಆ ಹುಡುಗನಿಗೆ ಮೊದಲ ದಿನವೇ ಮುದ್ದೆ ತೊಳಸಲು ಹೇಳಿದೆ, ಅಷ್ಟೇ.

ನಾನು ಎಂ.ಇ.ಜಿ. ತಂಬಿ, ಅಂದರೆ ಮದ್ರಾಸ್ ಸ್ಯಾಪರ್ಸ್ ಎನ್ನುವ ಸೇನೆಯ ಎಂಜಿನಿಯರ್ ದಳದವನು. ಹಗ್ಗ, ಹಲಗೆ, ಕಂಬ ಇವುಗಳ ಜೊತೆಗೇ ಇಪ್ಪತ್ತನಾಲ್ಕು ವರ್ಷ ಕಳೆದವನು. ಕೊನೆಯ ಹೊತ್ತಿಗೆ ಸೇನಾಧಿಕಾರಿಗಳನ್ನು ಆರಿಸುವ ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಿ, ಗುಂಪು ಪರೀಕ್ಷೆ ನಡೆಯುವ ಜಿಟಿಒ ಮೈದಾನದ ಕೆಲಸಕ್ಕೆ ಹಾಕಿದ್ದರು. ಹಗ್ಗ ಕಟ್ಟುವುದು, ಫಟ್ಟಾ-ಬಲ್ಲಿ (ಹಲಗೆ, ಕಂಬ) ಜೋಡಿಸುವುದು, ಬಣ್ಣ ಬಳಿಯುವುದು. ಯಾರಿಗೆ ಎಷ್ಟು ಅಂಕ, ಯಾಕೆ ಅಂಕ, ಅದು ನಮ್ಮಂಥವರ ಕಿವಿಗೆ ಬೀಳುವುದೂ ಇಲ್ಲ, ಬಿದ್ದರೂ ಹೇಳುವ ಮಾತಲ್ಲ. ಆದರೆ ಕಣ್ಣಿಗೆ ಬೀಗ ಇಲ್ಲವಲ್ಲ. ಎರಡೂವರೆ ವರ್ಷ ಸಾವಿರಾರು ಹುಡುಗರನ್ನು ನೋಡಿದೆ. 2017ರಲ್ಲಿ ಪಿಂಚಣಿ ಬಂದ ಮೇಲೆ ಅರಕಲಗೂಡು ಕಡೆಯ ನಮ್ಮೂರಿಗೆ ಮರಳಿ, ಮರುವರ್ಷವೇ ಹುಮ್ಮಸ್ಸಿನಲ್ಲಿ ಮೊದಲ ಶಿಬಿರ ಶುರು ಮಾಡಿದೆ.

ಜಾಗದ ಉಪಾಯ ಮಾತ್ರ ಮೊದಲ ದಿನದಿಂದಲೂ ನನ್ನದೇ. ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಏಪ್ರಿಲ್-ಮೇನಲ್ಲಿ ಖಾಲಿ ಬಿದ್ದಿರುತ್ತವೆ. ದಪ್ಪ ಗೋಡೆ, ಎತ್ತರದ ಮಾಡು, ಒಳಗೆ ತಂಪು. ತಿಂಗಳಿಗೆ ಆರು ಸಾವಿರಕ್ಕೆ ಎರಡು ಬ್ಯಾರನ್, ಪಕ್ಕದ ಗ್ರೇಡಿಂಗ್ ಶೆಡ್ ಸಮೇತ ಸಿಕ್ಕಿತು. ಗೋಡೆಗೆ ಎರಡು ಸಲ ಸುಣ್ಣ ಬಳಿದರೂ ಹೊಗೆಸೊಪ್ಪಿನ ಘಾಟು ಹೋಗಲಿಲ್ಲ. ಮೊದಲ ರಾತ್ರಿ ಐದಾರು ಹುಡುಗರು ತಲೆನೋವೆಂದು ಹೊರಗೆ ಬಂದು ಮಲಗಿದರು. ಈಗ ಹದಿನೈದು ದಿನ ಮೊದಲೇ ಬಾಗಿಲು, ಕಿಂಡಿ ಎಲ್ಲ ತೆರೆದಿಟ್ಟು, ಬೇವಿನ ಸೊಪ್ಪು ಸುಟ್ಟು, ಸಗಣಿ ಸಾರಿಸಿ ಬಿಡುತ್ತೇನೆ.

2018ರ ಶಿಬಿರ ಅಂದರೆ ನನ್ನ ರಂಗರೂಟು ದಿನಗಳ ನಕಲು. ಬೆಳಗಿನ ನಾಲ್ಕೂವರೆಗೆ ಸೀಟಿ, ಐದು ಕಿಲೋಮೀಟರ್ ಓಟ, ಡಂಡ, ಬಸ್ಕಿ, ತಪ್ಪಿದರೆ ಮೊಣಕಾಲ ನಡಿಗೆ. ಇಪ್ಪತ್ತೆಂಟು ಹುಡುಗರು ಬಂದಿದ್ದರು. ನಾಲ್ಕನೇ ದಿನಕ್ಕೆ ಒಂಬತ್ತು ಜನ ಮನೆಗೆ. ಡಾಂಬರು ರಸ್ತೆ ಮೇಲೆ ತೆಳು ಕ್ಯಾನ್ವಾಸ್ ಬೂಟಿನಲ್ಲಿ ಓಡಿಸಿದ್ದೆನಲ್ಲ, ಉಳಿದವರಲ್ಲಿ ಏಳು ಮಂದಿಗೆ ಮೊಣಕಾಲ ಕೆಳಗಿನ ಮೂಳೆ ನೋವು. ಡಾಕ್ಟರ ಖರ್ಚು, ವಾಪಸು ಕೊಟ್ಟ ಫೀಸು, ಶಾಮಿಯಾನ ಎಲ್ಲ ಸೇರಿ ಅರವತ್ತು-ಎಪ್ಪತ್ತು ಸಾವಿರ ಕೈಬಿಟ್ಟಿತು. "ಪಿಂಚಣಿ ದುಡ್ಡು ಸುಡಕ್ಕೆ ಬೆಂಕಿ ಯಾಕ್ರೀ ಬೇಕು, ನೀವೊಬ್ರೇ ಸಾಕು" ಅಂದಳು ನಮ್ಮನೆಯವಳು.

2019ರಲ್ಲಿ ಇನ್ನೊಂದು ತುದಿಗೆ ಹೋದೆ. ಪಟ್ಟಣದಿಂದ ಇಂಗ್ಲಿಷ್ ಹೇಳಿಕೊಡುವವರನ್ನು ಇಪ್ಪತ್ತು ಸಾವಿರ ಕೊಟ್ಟು ಕರೆಸಿದೆ. ಚಿತ್ರ ನೋಡಿ ಕಥೆ ಬರೆಯುವುದು, ಪದ ನೋಡಿ ವಾಕ್ಯ ಬರೆಯುವುದು, ದಿನವಿಡೀ ಅದೇ. ಹತ್ತನೇ ದಿನ ಹುಡುಗರ ಹಾಳೆ ತಂದು ನಾನೇ ಓದಲು ಕೂತೆ. ಇಪ್ಪತ್ತೆರಡು ಕಥೆಯಲ್ಲಿ ಹದಿನಾರರಲ್ಲಿ ನಾಯಕನ ಹೆಸರು ರವಿ. ಚಿತ್ರದಲ್ಲಿ ಹೊಳೆ ಇರಲಿ, ಆಸ್ಪತ್ರೆ ಇರಲಿ, ಮುದುಕ ಇರಲಿ, ರವಿ ಹೋಗಿ ರಕ್ತದಾನ ಶಿಬಿರ ಮಾಡಿಸಿಬಿಡುತ್ತಿದ್ದ. ಆ ಗುಂಪಿನ ಇಬ್ಬರು ಲಿಖಿತ ಪರೀಕ್ಷೆ ಪಾಸಾಗಿ, ಸೇನಾಧಿಕಾರಿಗಳನ್ನು ಆರಿಸುವ ಮಂಡಳಿಯಾದ ಎಸ್‌ಎಸ್‌ಬಿಗೆ ಹೋದರು. ಇಬ್ಬರೂ ಮೊದಲ ದಿನದ ಜರಡಿ, ಸ್ಕ್ರೀನಿಂಗ್‌ನಲ್ಲೇ ಹೊರಗೆ. ಒಬ್ಬ ಪ್ರಯಾಗ್‌ರಾಜ್‌ನಿಂದ ಎರಡು ದಿನ ರೈಲಲ್ಲಿ ಬಂದು ಸೀದಾ ನಮ್ಮನೆ ಜಗಲಿ ಮೇಲೆ ಕೂತ. ಏನೂ ಮಾತಾಡಲಿಲ್ಲ. ಕಾಫಿ ಕುಡಿದು ಎದ್ದು ಹೋದ. ಇವತ್ತಿಗೂ ಆ ಲೋಟ ಕಂಡರೆ ನನಗೆ ಅವನದೇ ನೆನಪು.

ಆಮೇಲೆ ಎರಡು ವರ್ಷ ಕೊರೊನಾ. ಶಿಬಿರ ಇಲ್ಲ, ಯೋಚನೆಗೆ ಬೇಕಾದಷ್ಟು ಹೊತ್ತು. ಎಸ್‌ಎಸ್‌ಬಿಯಲ್ಲಿ ತುಂಬಿಸುವ ಪಿಐಕ್ಯು ಫಾರಂನಲ್ಲಿ ಹುಡುಗನ ಸ್ವಂತ ವಿವರ ಕೇಳುತ್ತಾರೆ: ಏನು ಜವಾಬ್ದಾರಿ ಹೊತ್ತಿದ್ದೀ, ಏನು ಆಡಿದ್ದೀ, ಬಿಡುವಲ್ಲಿ ಏನು ಮಾಡುತ್ತೀ. ಇಂಟರ್‌ವ್ಯೂ ಬಹುಪಾಲು ಅದರ ಮೇಲೇ ನಡೆಯುವುದು. ನಮ್ಮ ಹುಡುಗರ ಫಾರಂ ನೋಡಿ, ಅಲ್ಲಿ ಬರೆಯಲು ಏನೂ ಇಲ್ಲ. ಹತ್ತನೇ ಕ್ಲಾಸಿನಿಂದ ಪಿಯುಸಿ ತನಕ ಕಾಲೇಜು, ಟ್ಯೂಷನ್ನು, ಮನೆ. ಒಂದು ಕಿಲೋ ಬೇಳೆ ತಂದ ಅಭ್ಯಾಸವೂ ಇಲ್ಲ. ಬರೆಯಲು ಕಲಿಸಿ ಏನು ಬಂತು, ಬರೆಯುವಂಥದ್ದು ಮೊದಲು ಆಗಬೇಕಲ್ಲ?

ಹಾಗಾಗಿ 2022ರಲ್ಲಿ ಸೀಟಿ ಮನೆಯಲ್ಲೇ ಬಿಟ್ಟೆ. ಏಪ್ರಿಲ್ ಪರೀಕ್ಷೆ ಮುಗಿದ ಮೇಲೆ, ಕೊನೇ ವಾರದಿಂದ ಇಪ್ಪತ್ತೊಂದು ದಿನ. ಇಪ್ಪತ್ತಾರು ಹುಡುಗರು, ಒಂಬತ್ತನೇ ಕ್ಲಾಸಿನಿಂದ ಮೊದಲ ಪಿಯು ಮುಗಿಸಿದವರವರೆಗೆ. ಮೊದಲ ದಿನವೇ ವಾರದ ಊಟದ ದುಡ್ಡು, ಸುಮಾರು ಇಪ್ಪತ್ತು ಸಾವಿರ, ನಗದಾಗಿ ಎಣಿಸಿ ಸಂತೆ ಚೀಲದಲ್ಲಿ ಹಾಕಿ ಅವರ ಕೈಗೇ ಕೊಟ್ಟೆ. ತಲೆಗೆ ದಿನಕ್ಕೆ ನೂರಹತ್ತು ರೂಪಾಯಿಯ ಲೆಕ್ಕ. ಸಂತೆ ನಿಮ್ಮದು, ಒಲೆ ನಿಮ್ಮದು, ಏಳುವ ಹೊತ್ತೂ ನಿಮ್ಮದು. ಏಳು ಗಂಟೆಗೆ ಮೈದಾನದಲ್ಲಿ ಇರಬೇಕು, ಅಷ್ಟೇ ನನ್ನ ಕಾನೂನು. ದಿನಕ್ಕೊಬ್ಬ ಮುಖಂಡ, ದಿನಕ್ಕೊಬ್ಬ ಲೆಕ್ಕದವ.

ನಾಲ್ಕನೇ ದಿನಕ್ಕೆ ಚೀಲದಲ್ಲಿ ಎರಡೂವರೆ ಸಾವಿರ ಉಳಿದಿತ್ತು. ಎರಡು ದಿನ ಕೋಳಿ, ನಾಲ್ಕು ಬಾಕ್ಸು ಮಾವಿನಹಣ್ಣು, ಐಸ್‌ಕ್ಯಾಂಡಿ. ಲೆಕ್ಕದವನು ಕೂಡಿದ್ದನ್ನೇ ಮತ್ತೆ ಮತ್ತೆ ಕೂಡುತ್ತಿದ್ದ. ಕರ್ನಲ್ ಸಾಹೇಬರು ಬಂದದ್ದು ಆ ದಿನವೇ. ನಾನು ಒಂದು ಪೈಸೆ ಕೊಡಲಿಲ್ಲ. ರಾತ್ರಿ ಗ್ರೇಡಿಂಗ್ ಶೆಡ್ಡಿನಲ್ಲಿ ಜಗಳ ಹತ್ತಿತು. ಮಾವಿನಹಣ್ಣು ತಂದವರು ಯಾರು, ಎರಡು ಸಲ ತಿಂದವರು ಯಾರು. ನಾನು ಹೊರಗೆ ಕತ್ತಲಲ್ಲಿ ಕೂತು ಕೇಳುತ್ತಿದ್ದೆ. ಗ್ರೂಪ್ ಡಿಸ್ಕಷನ್ ಅಂತ ನಾವು ಹೆಸರಿಟ್ಟು ಮಾಡಿಸುವುದು ನಾಟಕ. ಹೊಟ್ಟೆ ಹಸಿದಾಗ ಆಗುವುದು ನಿಜವಾದದ್ದು. ಹತ್ತು ಗಂಟೆಗೆ, ಅಲ್ಲಿಯವರೆಗೂ ಬಾಯಿಬಿಡದ ಒಬ್ಬ ಎದ್ದು ಅಂದ: "ಪಕ್ಕದ ಹೊಲ್ದಲ್ಲಿ ಬೀನ್ಸ್ ಕೀಳಕ್ಕೆ ಆಳಿಲ್ಲ ಅಂತ ಗೌಡ್ರು ಬಯ್ತಾ ಇದ್ರು. ನಾವೇ ಕಿತ್ಕೊಟ್ರೆ?"

ಬೆಳಿಗ್ಗೆ ಹದಿನೈದು ಜನ ಹೋಗಿ ಬೀನ್ಸ್ ಕಿತ್ತರು. ಕೂಲಿಗೆ ಬದಲು ತರಕಾರಿ, ಹುರುಳಿ, ಒಂದು ಮೂಟೆ ರಾಗಿ. ಮೂರು ದಿನ ಹುರುಳಿ ಉಪ್ಸಾರು, ಮುದ್ದೆ. ಸಂಜೆಗೆ ಫೋನು: "ಫೀಸ್ ಕಟ್ಟಿ ಮಗನ್ನ ಕೂಲಿಗೆ ಕಳ್ಸಿದ್ವಾ ಸಾರ್?" ಒಬ್ಬ ತಂದೆ ಕಾರು ತಂದು ಮಗನನ್ನು ಕರೆದುಕೊಂಡೇ ಹೋದರು, ಅರ್ಧ ಫೀಸು ವಾಪಸು ಕೊಟ್ಟೆ. ಮಿಕ್ಕವರು ಉಳಿದರು. ಆಮೇಲಿನ ಎರಡು ವಾರ ಚೀಲದಲ್ಲಿ ದುಡ್ಡು ಮಿಕ್ಕಿತು.

ಆ ಲೆಕ್ಕದ ಹುಡುಗ ಎಸ್‌ಎಸ್‌ಬಿಗೆ ಹೋದಾಗ ಇಂಟರ್‌ವ್ಯೂನ ಅರ್ಧ ಹೊತ್ತು ಈ ಮಾವಿನಹಣ್ಣಿನ ಕಥೆಯೇ ಆಯಿತಂತೆ. ತಾನೇ ಹಾಳುಮಾಡಿದ ಲೆಕ್ಕ, ತಾನೇ ಸರಿಮಾಡಿದ್ದು. ಬಾಯಿಪಾಠ ಇಲ್ಲ, ತಡವರಿಕೆ ಇಲ್ಲ. ಇಂಗ್ಲಿಷ್ ಅವನದು ಅಂಥಾದ್ದೇನಲ್ಲ.

ಎಂಟನೇ ದಿನ ನಾನೊಂದು ಕಿತಾಪತಿ ಮಾಡುತ್ತೇನೆ. ಏನೆಂದು ಬರೆಯುವುದಿಲ್ಲ, ಮುಂದಿನ ವರ್ಷ ಬರುವವರೂ ಇದನ್ನು ಓದುತ್ತಾರೆ. ಶಿಬಿರ ನಡೆಸುವವರು ಯಾರಾದರೂ ಮನೆಗೆ ಬಂದರೆ ಕಾಫಿ ಜೊತೆ ಹೇಳುತ್ತೇನೆ.

ಮೈದಾನದ ಸಾಮಾನಿನ ಖರ್ಚು ಹೇಳಬೇಕು, ಇಲ್ಲಿ ಎಲ್ಲರೂ ಎಡವುತ್ತಾರೆ. ಮೊದಲು ಸಿಲ್ವರ್ ಓಕ್ ಹಲಗೆ ಹಾಕಿದೆ, ಅಗ್ಗ ಅಂತ. ಎರಡನೇ ದಿನವೇ ಮೂವರು ನಿಂತಾಗ ಲಟಕ್ಕನೆ ಮುರಿಯಿತು. ಪುಣ್ಯಕ್ಕೆ ಕೆಳಗೆ ಮರಳು ಹಾಕಿಸಿದ್ದೆ. ಈಗ ಹಳೇ ಮನೆ ಕೆಡವಿದಲ್ಲಿ ಸಿಗುವ ಹಲಸಿನ ಹಲಗೆ, ಬಲ್ಲಿಗೆ ಒಣಗಿದ ನೀಲಗಿರಿ ಕಂಬ. ಖಾಲಿ ಡ್ರಮ್ಮು ಒಂದಕ್ಕೆ ಎಂಟುನೂರರ ಆಸುಪಾಸು, ಹನ್ನೆರಡು ಬೇಕು. ಹಗ್ಗಕ್ಕೆ ಜಿಪುಣತನ ಮಾಡಬೇಡಿ. ನೈಲಾನ್ ಅಂಗೈ ಸುಲಿಯುತ್ತದೆ, ಮನಿಲಾ ಹಗ್ಗವೇ ಆಗಬೇಕು. ಎಲ್ಲ ಸೇರಿ ನಲವತ್ತು ಸಾವಿರದೊಳಗೆ ಮುಗಿಯಿತು. ನನ್ನ ನಾಲ್ಕನೇ ಪಿಜಿಟಿ ಕಟ್ಟಡಕ್ಕೆ, ಅಂದರೆ ಹಲಗೆ-ಹಗ್ಗ ಹಿಡಿದು ಗುಂಪಾಗಿ ದಾಟಬೇಕಾದ ಅಡೆತಡೆಗೆ, ಇವತ್ತಿನವರೆಗೂ ಇಪ್ಪತ್ತು ನಿಮಿಷದೊಳಗೆ ಯಾವ ಗುಂಪೂ ದಾರಿ ಕಂಡಿಲ್ಲ. ಅದರ ಅಳತೆ ನನ್ನಲ್ಲೇ ಇರಲಿ. ಒಂದು ಮಾತು ಮಾತ್ರ: ಅಡುಗೆ-ಸಂತೆ ಒಂದು ವಾರ ಆಗುವವರೆಗೆ ಹುಡುಗರನ್ನು ಹಲಗೆ ಹತ್ತಿಸಬೇಡಿ. ಮೊದಲೇ ಹತ್ತಿಸಿದರೆ ಎಲ್ಲರೂ ಮುಂದೆ ನಿಂತು ಕೂಗುತ್ತಾರೆ. ಒಟ್ಟಿಗೆ ಉಂಡು ಜಗಳ ಆಡಿದ ಮೇಲೆ ಹತ್ತಿಸಿದರೆ, ಹಿಂದೆ ಉಳಿದವನ ಕಡೆ ಯಾರಾದರೊಬ್ಬ ತಿರುಗಿ ನೋಡುತ್ತಾನೆ.

ಬರವಣಿಗೆಯಲ್ಲಿ ಒಂದು ಪ್ರಯೋಗ ಮಾಡಿದೆ, ನಗಬೇಡಿ. ಮೊದಲ ಹತ್ತು ದಿನ ಎಲ್ಲ ಕನ್ನಡದಲ್ಲಿ. ಮೂವತ್ತು ಸೆಕೆಂಡು ಚಿತ್ರ, ನಾಲ್ಕು ನಿಮಿಷ ಕಥೆ. ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದ. ಇಂಗ್ಲಿಷ್ ಮೇಷ್ಟ್ರುಗಳೆಲ್ಲ ಹುಬ್ಬೇರಿಸಿದರು. ಇಂಗ್ಲಿಷಿನಲ್ಲಿ "ಸೋಲು" ಅಂತ ಪದ ಕೊಟ್ಟರೆ "ಸೋಲೇ ಗೆಲುವಿನ ಮೆಟ್ಟಿಲು" ಎಂದು ಇಪ್ಪತ್ತು ಜನ ಬರೆಯುತ್ತಿದ್ದರು. ಕನ್ನಡದಲ್ಲಿ ಕೊಟ್ಟಾಗ ಒಬ್ಬ ಬರೆದ: "ಕಬಡ್ಡಿಯಲ್ಲಿ ಸೋತ ದಿನ ಅಣ್ಣ ಸೈಕಲ್ ಕೊಟ್ಟ." ರವಿ ಅವತ್ತೇ ಊರು ಬಿಟ್ಟ. ಹನ್ನೊಂದನೇ ದಿನದಿಂದ ಅದನ್ನೇ ಇಂಗ್ಲಿಷಿಗೆ ತರುತ್ತೇವೆ, ಸಣ್ಣ ಸಣ್ಣ ವಾಕ್ಯದಲ್ಲಿ. ಗಣಿತದ ಬಗ್ಗೆ ನನ್ನನ್ನು ಕೇಳಬೇಡಿ. ಲಿಖಿತದ 900ರಲ್ಲಿ 300 ಗಣಿತಕ್ಕೇ, ಅದಕ್ಕೊಬ್ಬ ಕಾಲೇಜು ಮೇಷ್ಟ್ರು ದಿನಕ್ಕೆ ಎರಡು ಗಂಟೆ ಬರುತ್ತಾರೆ. ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ, ಗೊತ್ತಿಲ್ಲದ್ದನ್ನು ಬಿಡು ಅಂತ ಕಲಿಸಿದರೆ ಅರ್ಧ ಕೆಲಸ ಆಯಿತು ಅನ್ನುತ್ತಾರೆ ಅವರು.

ಎಲ್ಲ ಪ್ರಯೋಗವೂ ಫಲಿಸಲಿಲ್ಲ. ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ಓಡಿಸಿದೆ, ನೆಗ್ಗಿಲು ಮುಳ್ಳು ತೆಗೆಯುವುದೇ ಕೆಲಸವಾಯಿತು. ಮೊಬೈಲು ಪೂರಾ ಬಂದ್ ಮಾಡಿದ ವರ್ಷ ಕದ್ದು ಎರಡನೇ ಫೋನು ತಂದರು. ಈಗ ರಾಗಿ ಡಬ್ಬದಲ್ಲಿಟ್ಟು ರಾತ್ರಿ ಇಪ್ಪತ್ತು ನಿಮಿಷ ಕೊಡುತ್ತೇನೆ. ಹದಿನಾರನೇ ದಿನ ಮಡಿಕೇರಿಗೆ ಹೋಗಿ ಜನರಲ್ ತಿಮ್ಮಯ್ಯನವರ 'ಸನ್ನಿ ಸೈಡ್' ಮನೆ ತೋರಿಸುತ್ತೇನೆ, ಅದು 2021ರಿಂದ ವಸ್ತುಸಂಗ್ರಹಾಲಯ. ಟೆಂಪೋಗೆ ಎಂಟು ಸಾವಿರ, ದಂಡ ಅನಿಸುವುದಿಲ್ಲ. 1948ರಲ್ಲಿ ತಿಮ್ಮಯ್ಯನವರು ಲಡಾಖ್ ದಾರಿಯ ಜೋಜಿ ಲಾ ಘಾಟಿಗೆ ಟ್ಯಾಂಕು ಹತ್ತಿಸಿದ್ದು ಎಲ್ಲರಿಗೂ ಗೊತ್ತು. ಆ ಹೇಸರಗತ್ತೆ ದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದ್ದು ನಮ್ಮ ಮದ್ರಾಸ್ ಸ್ಯಾಪರ್ಸ್ ಅಂತ ಅಲ್ಲಿ ನಿಂತು ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ.

2023ರಲ್ಲಿ ಒಂದು ಸಂಕಟ ಆಯಿತು. ಒಳ್ಳೇ ಹುಡುಗ, ಓಟದಲ್ಲಿ ಮುಂದು, ಓದಿನಲ್ಲಿ ಮುಂದು. ಸಂತೆಗೆ ಹೋದವನು ಐದು ಕಿಲೋ ಟೊಮ್ಯಾಟೊ ತಂದ, ಅರ್ಧಕ್ಕರ್ಧ ಹಸಿರು ಕಾಯಿ. ಎಲ್ಲರೂ ನಕ್ಕರು. ಅವನು ಮಾತ್ರ ಒಂದೊಂದನ್ನೇ ಎತ್ತಿ ಒತ್ತಿ ನೋಡುತ್ತಿದ್ದ; ಕಣ್ಣಲ್ಲಿ ಅಲ್ಲ, ಬೆರಳಲ್ಲಿ. ನನಗೆ ಎದೆ ಧಸಕ್ಕೆಂದಿತು. ಹಾಸನದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕೆಂಪು-ಹಸಿರಿನ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಸೇನೆಯ ಮೆಡಿಕಲ್‌ನಲ್ಲಿ ಅದು ಪಾಸಾಗುವುದಿಲ್ಲ. ಎರಡು ವರ್ಷದಿಂದ ಅವನ ಮನೆಯವರು ಕೋಚಿಂಗಿಗೆ ಸುರಿದಿದ್ದರು, ಒಬ್ಬರೂ ಇದನ್ನು ನೋಡಿರಲಿಲ್ಲ. ಆವತ್ತಿನಿಂದ ಫೀಸು ತೆಗೆದುಕೊಳ್ಳುವ ಮೊದಲೇ ಬಣ್ಣದ ಚುಕ್ಕಿ ಪುಸ್ತಕ, ಚಪ್ಪಟೆ ಪಾದ, ಕೂಡುವ ಮಂಡಿ, ಕಿವಿ, ಹಲ್ಲು ಎಲ್ಲ ನೋಡಿಸುತ್ತೇನೆ. ಡಾಕ್ಟರಿಗೆ ತಲೆಗೆ ಇನ್ನೂರು ರೂಪಾಯಿ, ನನ್ನ ಕೈಯಿಂದಲೇ.

ಹೆಣ್ಣುಮಕ್ಕಳು ಬರಲು ಶುರುವಾದದ್ದೂ ಅದೇ ವರ್ಷ. ಅವರಿಗೆ ಉಳಿಯಲು ನಮ್ಮ ಮನೆಯ ಹಜಾರ, ಮೇಲ್ವಿಚಾರಣೆ ನಮ್ಮನೆಯವಳದು. ಎರಡು ಶೌಚಾಲಯ ಹೊಸದಾಗಿ ಕಟ್ಟಿಸಿದೆ, ಎಂಬತ್ತು ಸಾವಿರ ದಾಟಿತು, ಅದು ಇನ್ನೂ ಹುಟ್ಟಿಲ್ಲ. 2025ರ ಮೇ 30ರಂದು ಎನ್‌ಡಿಎಯಿಂದ ಮೊದಲ ಹದಿನೇಳು ಹುಡುಗಿಯರು ಮೂರು ವರ್ಷ ಮುಗಿಸಿ ಹೊರಬಿದ್ದರಲ್ಲ, ಆಮೇಲೆ ಫೋನು ಮಾಡುವವರಲ್ಲಿ ಅರ್ಧ ಹೆಣ್ಣುಮಕ್ಕಳ ತಾಯಂದಿರೇ. ಸಂತೆ ಲೆಕ್ಕ ಹುಡುಗಿಯರ ಕೈಗೆ ಬಂದ ವಾರ ಚೀಲ ಖಾಲಿಯಾದದ್ದು ನಾನು ಕಂಡಿಲ್ಲ.

ಒಟ್ಟು ಲೆಕ್ಕ, ನೆನಪಿನ ಮೇಲೆ: 2022ರಿಂದ ನಾಲ್ಕು ಶಿಬಿರ, ನೂರು ಚಿಲ್ಲರೆ ಮಕ್ಕಳು. ಲಿಖಿತ ಪಾಸಾದವರು ಹದಿನೇಳೋ ಹದಿನೆಂಟೋ. ಎಸ್‌ಎಸ್‌ಬಿ ಗೆದ್ದವರು ಐವರು, ಅದರಲ್ಲೊಬ್ಬಳು ಹುಡುಗಿ. ಒಬ್ಬ ಮೆಡಿಕಲ್‌ನಲ್ಲಿ ಬಿದ್ದ, ಹುಡುಗಿಗೆ ಮೆರಿಟ್ ಪಟ್ಟಿಯಲ್ಲಿ ಸ್ವಲ್ಪದರಲ್ಲಿ ತಪ್ಪಿತು, ಮತ್ತೆ ಬರೆಯುತ್ತಿದ್ದಾಳೆ. ಮೂವರು ಖಡಕ್ವಾಸ್ಲಾದಲ್ಲಿ. ದೊಡ್ಡ ಕೋಚಿಂಗ್‌ನವರ ಬ್ಯಾನರಿನಲ್ಲಿ ಇದಕ್ಕಿಂತ ಹೆಚ್ಚು ಫೋಟೊ ಇರುತ್ತವೆ ಬಿಡಿ. ಅವರ ಫೀಸು ಕೇಳಿ, ನನ್ನದು ಒಂಬತ್ತು ಸಾವಿರ. ಹೋದ ವರ್ಷ ಎಲ್ಲ ಕಳೆದು ಮೂವತ್ತೈದು ಸಾವಿರ ಉಳಿಯಿತು, ಮೊದಲ ಸಲ.

ಇಪ್ಪತ್ತೊಂದನೇ ದಿನ "ನನಗಿದು ಬೇಡ" ಅಂದವರ ಲೆಕ್ಕವನ್ನೂ ಬರೆದಿಟ್ಟಿದ್ದೇನೆ, ಮೂವತ್ತು ಜನ ಆಗುತ್ತಾರೆ. ಒಬ್ಬ ಈಗ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾನೆ. ಅವನ ಅಪ್ಪ ಮೊದಲು ಬೈದು, ಈಗ ಯುಗಾದಿಗೆ ಬೆಲ್ಲ ಕಳಿಸುತ್ತಾರೆ. ಮೇ ತಿಂಗಳಲ್ಲೇ ಸೆಪ್ಟೆಂಬರ್ ಪರೀಕ್ಷೆಯ ಅರ್ಜಿ ಕರೆಯುತ್ತಾರೆ, ಶಿಬಿರ ಮುಗಿದ ವಾರದಲ್ಲಿ ಹಾಕುವವನು ಹಾಕುತ್ತಾನೆ, ಬಿಡುವವನು ಬಿಡುತ್ತಾನೆ.

ಸದ್ಯದ ತಲೆಬಿಸಿ ಬ್ಯಾರನ್‌ದು. ಮಾಲೀಕರು ಮಾಡು ರಿಪೇರಿಗೆ ಮೇ ಮೊದಲ ವಾರವೇ ಬಿಟ್ಟುಕೊಡಿ ಅನ್ನುತ್ತಿದ್ದಾರೆ. ಕೊಣನೂರು, ರಾಮನಾಥಪುರದ ಸುತ್ತ ನೀರಿನ ಅನುಕೂಲ ಇರುವ ಜೋಡಿ ಬ್ಯಾರನ್ ಯಾರದಾದರೂ ಇದ್ದರೆ ತಿಳಿಸಿ. ಸುಣ್ಣ ನಾನೇ ಹೊಡೆಸುತ್ತೇನೆ.