ಹಿಂಬದಿಯ ಮಸಿ ಕಳೆದೆ, ಕಂಟಾಟಾ ಸಿಕ್ಕಿತು

ಎರಡು ಪುಟದ ಸ್ವರ ಒಂದರ ಮೇಲೊಂದು ಕಾಣುವ ಹಸ್ತಪ್ರತಿಯನ್ನು ಮನೆಯಲ್ಲಿ ಕೂತು ಬಿಡಿಸೋಕಾಗಲ್ಲ ಅಂತ ನಮ್ಮ ವಯೊಲಿನ್ ಬಳಗದವರು ನಕ್ಕಿದ್ದರು. ಈಗ ಅವರೇ ಅದನ್ನು ನುಡಿಸುತ್ತಿದ್ದಾರೆ. ಹಾಗಾಗಿ ಬರೆಯಲೇಬೇಕಾಯಿತು.

ಹಸ್ತಪ್ರತಿ ಇಟಲಿಯ ನೇಪಲ್ಸ್‌ನ ಸ್ಯಾನ್ ಪಿಯೆತ್ರೊ ಅ ಮಯೆಲ್ಲಾ ಸಂಗೀತ ಶಾಲೆಯ ಲೈಬ್ರರಿಯದು. 1826ರಿಂದ ಶಾಲೆ ಆ ಕಟ್ಟಡದಲ್ಲೇ ಇದೆ. ಸ್ಕ್ಯಾನ್ ಪುಕ್ಕಟೆ ಸಿಕ್ಕಿತು. 18ನೇ ಶತಮಾನದ ಶುರುವಿನ ಕಂಟಾಟಾ, ಅಂದರೆ ವಾದ್ಯದ ಜೊತೆ ಹಾಡುವ ಕೃತಿ: ಅಡ್ಡ ಹಾಳೆ, ಹತ್ತು ಸ್ಟಾಫ್ (ಸ್ವರ ಬರೆಯುವ ಐದು ಗೆರೆಯ ಸಾಲು), ಮೇಲೆ ಸೊಪ್ರಾನೊ (ಎತ್ತರದ ದನಿಯ ಹಾಡು), ಕೆಳಗೆ ಬಾಸ್ (ತಗ್ಗಿನ ವಾದ್ಯದ ಸಾಲು). ಮಾಚಿಕಾಯಿ ಮಸಿ ಕಾಗದ ತಿಂದು ಆಚೆ ಬದಿಗೆ ಇಳಿದಿತ್ತು.

ಸ್ವರ ಓದುವ ಸಾಫ್ಟ್‌ವೇರ್ ಒಂದಕ್ಕೆ ನಾಲ್ಕೈದು ಸಾವಿರ ಸುರಿದೆ. ಹಿಂದಿನ ಪುಟದ ಸ್ವರಗಳ ಕಡ್ಡಿಗಳನ್ನೆಲ್ಲ ಅದು ಬಾರ್ ಗೆರೆ (ತಾಳದ ಭಾಗ ಬೇರ್ಪಡಿಸುವ ಅಡ್ಡಗಡಿ) ಅಂತ ಎಣಿಸಿತು! ದೊಡ್ಡ ಪ್ರಿಂಟ್ ಹಾಕಿಸಿದ್ದಕ್ಕೆ ಇನ್ನೊಂದು ಸಾವಿರ ಹೋಯಿತು. ಕಾಂಟ್ರಾಸ್ಟ್ ಏರಿಸಿದರೆ ಎರಡೂ ಬದಿ ಕಪ್ಪು.

ಕೈಹಿಡಿದದ್ದು ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್. ಹಿಂಬದಿಯ ಸ್ಕ್ಯಾನನ್ನು ಕನ್ನಡಿಯ ಹಾಗೆ ತಿರುಗಿಸಿ, ನೆಗೆಟಿವ್ ಮಾಡಿ, ಚೂರು ಬ್ಲರ್ ಕೊಟ್ಟು, ಮುಂಬದಿಯ ಮೇಲೆ, ಎರಡರ ಬೆಳಕನ್ನು ಕೂಡಿಸುವ ಅಡಿಷನ್ ಮೋಡ್‌ನಲ್ಲಿ ಇಟ್ಟೆ. ಒಪಾಸಿಟಿ (ಮೇಲಿನ ಪದರ ಎಷ್ಟು ಗಾಢ ಅನ್ನೋದು) ಶೇಕಡಾ ಮೂವತ್ತರ ಆಸುಪಾಸು. ಬ್ಲರ್ ಬಿಟ್ಟರೆ ಕಲೆಯ ಅಂಚು ಉಳಿಯುತ್ತದೆ. ಬೈಂಡಿಂಗ್ ಹತ್ತಿರ ಬಾಗಿದ ಹಾಳೆಯನ್ನು ಹೊಂದಿಸಿದ್ದು ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸ್ಕ್ಯಾನಿನ ಮೂರು ಬಣ್ಣದಲ್ಲಿ ಕೆಂಪು ಚಾನೆಲ್ ಒಂದನ್ನೇ ಇಟ್ಟೂ ನೋಡಿದೆ. ಕಂದು ಕಲೆ ಮಂಕಾಗುತ್ತದೆ, ಜೊತೆಗೆ ತೆಳು ಸ್ಟಾಫ್ ಗೆರೆಯೂ ಹೋಗುತ್ತದೆ. ಸುಮ್ನೆ ಮನೆಯ ಹಳೇ ಲೆಕ್ಕದ ಪುಸ್ತಕದ ಮೇಲೂ ಗಿಂಪ್ ಪ್ರಯೋಗ ಮಾಡಿದೆ. ಫೌಂಟನ್ ಪೆನ್ನಿನ ನೀಲಿ ಇನ್ನೂ ಚೆನ್ನಾಗಿ ಹೋಯಿತು.

ಇಷ್ಟಾದರೂ ಕೆಲವು ಚುಕ್ಕೆ, ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು) ಅನುಮಾನವೇ. ಅದಕ್ಕೆ ಬಾಸನ್ನೇ ಮೊದಲು ಬರೆದುಕೊಂಡೆ. ಎಲ್ಲರೂ ಹಾಡಿನಿಂದ ಶುರು ಮಾಡುತ್ತಾರೆ, ಅಲ್ವಾ? ನನ್ನ ಪ್ರಕಾರ ಅದು ಉಲ್ಟಾ. ಒಂದು ಕಡೆ ಸೊಪ್ರಾನೊದ ಎಫ್ ಸ್ವರದ ಮುಂದೆ ಶಾರ್ಪೋ ಕಲೆಯೋ ಗೊತ್ತಾಗುತ್ತಿರಲಿಲ್ಲ. ಕೆಳಗೆ ಬಾಸ್‌ನಲ್ಲಿ ಡಿ, ಅದರ ತಲೆ ಮೇಲೆ ಬರೀ ಒಂದು ಪುಟ್ಟ ಶಾರ್ಪ್. ಬಾಸ್ ಮೇಲೆ ಹೀಗೆ ಒಂಟಿ ಶಾರ್ಪ್ ಇದ್ದರೆ ಅಲ್ಲಿಂದ ಮೂರನೇ ಸ್ವರ ಏರಿದೆ ಅಂತ ಅರ್ಥ. ಡಿಯಿಂದ ಮೂರನೆಯದು ಎಫ್, ಹಾಗಾಗಿ ಎಫ್ ಶಾರ್ಪೇ. ಕೃತಿ ಜಿ ಮೈನರ್ ಸ್ವರಶ್ರೇಣಿಯದು. ಈಗಾದರೆ ಅದಕ್ಕೆ ಎರಡು ಫ್ಲಾಟ್ (ಸ್ವರ ಇಳಿಸುವ ಗುರುತು) ಬರೆಯುತ್ತಾರೆ, ಇಲ್ಲಿ ಕ್ಲೆಫ್ (ಸ್ಟಾಫ್ ಶುರುವಿನ ಚಿಹ್ನೆ) ಪಕ್ಕ ಬರೆದಿದ್ದು ಒಂದೇ. ಆ ಕಾಲದ ರೂಢಿ ಅದು. ಎರಡನೆಯದನ್ನು ಸೇರಿಸಿ ತಿದ್ದಲು ಹೋಗಬೇಡಿ, ಎಲ್ಲ ಇ-ಯೂ ಫ್ಲಾಟ್ ಆಗಿಬಿಡುತ್ತದೆ.

ಈಗ ಒಂದು ಪುಟಕ್ಕೆ ಮುಕ್ಕಾಲು ಗಂಟೆ ಸಾಕು. ಮೊದಲು ಒಂದಿಡೀ ಭಾನುವಾರ ಹೋಗುತ್ತಿತ್ತು. ಮ್ಯೂಸ್‌ಸ್ಕೋರ್ (ಸ್ವರ ಬರೆಯುವ ಸಾಫ್ಟ್‌ವೇರ್) ಫೈಲ್ ಬೇಕಾದವರು ಕೇಳಿ, ಕೊಡುತ್ತೇನೆ.