ನ್ಯೂಜೆರ್ಸಿಯ ತೆರಿಗೆ ಲೆಕ್ಕದಲ್ಲಿ ನಮ್ಮ ಕುಟುಂಬ

ನ್ಯೂಜೆರ್ಸಿಗೆ ಹೊಸದಾಗಿ ಬಂದ ನಮ್ಮವರಲ್ಲಿ ಹಲವರು ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ತೆರಿಗೆ ರಿಟರ್ನನ್ನು ಎರಡೆರಡು ಸಲ ತಿರುವಿ ನೋಡಿ, ರಾಜ್ಯದ್ದನ್ನು ಮಾತ್ರ ಸಾಫ್ಟ್‌ವೇರ್ ತುಂಬಿಕೊಟ್ಟಂತೆಯೇ ಸಲ್ಲಿಸಿಬಿಡುತ್ತಾರೆ. ಮಕ್ಕಳ ಪಾಲಿಗೆ ಸಿಗಬೇಕಾದ ಹಣ ಕೈತಪ್ಪುವುದು ಇಲ್ಲಿಯೇ. ರಾಜ್ಯದ ಆದಾಯ ತೆರಿಗೆ ನಮೂನೆಯಾದ ಎನ್‌ಜೆ-1040ಕ್ಕೆ ಅದರದೇ ಲೆಕ್ಕವಿದೆ. ಆದಾಯದಿಂದ ಒಂದು ನಿಗದಿತ ಮೊತ್ತವನ್ನು ಕಳೆಯುವ ಫೆಡರಲ್‌ನ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲಿಲ್ಲ. ಆದರೆ 2018ರಿಂದ ಫೆಡರಲ್ ತೆರಿಗೆಯಲ್ಲಿ ಇಲ್ಲವಾಗಿರುವ ತಲೆವಾರು ವಿನಾಯಿತಿ ಇಲ್ಲಿ ಉಳಿದಿದೆ. ಗಂಡ ಹೆಂಡತಿಗೆ ತಲಾ 1,000 ಡಾಲರ್, ಅವಲಂಬಿತ ಮಗುವೊಂದಕ್ಕೆ 1,500 ಡಾಲರ್. ವರ್ಷದ ನಡುವೆ ಬಂದವರು ಇದನ್ನು ಇಲ್ಲಿ ನೆಲೆಸಿದ ತಿಂಗಳುಗಳಿಗೆ ತಕ್ಕಂತೆ ಲೆಕ್ಕ ಹಾಕಬೇಕು.

ವಿನಾಯಿತಿಯು ತೆರಿಗೆ ಬೀಳುವ ಆದಾಯವನ್ನಷ್ಟೇ ತಗ್ಗಿಸುತ್ತದೆ. ಶೇ 5.525ರ ತೆರಿಗೆ ದರದ ಹಂತದಲ್ಲಿರುವ ಕುಟುಂಬಕ್ಕೆ ಮಗುವಿನ 1,500 ಡಾಲರ್ ವಿನಾಯಿತಿಯಿಂದ ನಿಜವಾಗಿ ಉಳಿಯುವುದು ಸುಮಾರು 83 ಡಾಲರ್. ರಾಜ್ಯವೇ ಕೊಡುವ ಮಕ್ಕಳ ಕ್ರೆಡಿಟ್ (ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್) ಹಾಗಲ್ಲ, ಕಟ್ಟಬೇಕಾದ ತೆರಿಗೆಯೇ ಇಲ್ಲದಿದ್ದರೂ ಆ ಹಣ ಕೈಗೆ ಬರುತ್ತದೆ. ವರ್ಷದ ಕೊನೆಗೆ ಆರು ತುಂಬದ ಮಗುವಿದ್ದು, ರಾಜ್ಯದ ಲೆಕ್ಕದಲ್ಲಿ ತೆರಿಗೆ ಬೀಳುವ ಆದಾಯ 30,000 ಡಾಲರ್ ಒಳಗಿದ್ದರೆ 1,000 ಡಾಲರ್ ಸಿಗುತ್ತದೆ. ಆದಾಯ ಏರಿದಂತೆ ಅದು 200ಕ್ಕೆ ಇಳಿದು, 80,000 ದಾಟಿದರೆ ನಿಲ್ಲುತ್ತದೆ. ಇಬ್ಬರೂ ದುಡಿಯುವ ಮನೆಗೆ ಇದು ಸಿಗಲಿಕ್ಕಿಲ್ಲ, ಆದರೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧಕ) ಸಂಬಳವೊಂದರಲ್ಲೇ ಬದುಕುವ ಕುಟುಂಬಕ್ಕೆ ಇದು ದೊಡ್ಡ ಆಸರೆ. ಎಚ್-4 ವೀಸಾದ (ಎಚ್-1ಬಿ ಉದ್ಯೋಗಿಯ ಕುಟುಂಬಕ್ಕೆ ಕೊಡುವ ವೀಸಾ) ಮಗುವಿಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಕಾರಣ ಫೆಡರಲ್‌ನ ಮಕ್ಕಳ ಕ್ರೆಡಿಟ್ ದೊರೆಯದು. ನ್ಯೂಜೆರ್ಸಿಯಾದರೋ ಐಟಿಐಎನ್ (ಆ ಸಂಖ್ಯೆ ಇಲ್ಲದವರಿಗೆ ಕೊಡುವ ತೆರಿಗೆ ಗುರುತಿನ ಸಂಖ್ಯೆ) ಇರುವ ಮಗುವನ್ನೂ ಒಪ್ಪಿಕೊಳ್ಳುತ್ತದೆ. ಐಟಿಐಎನ್ ಕೋರುವ ಡಬ್ಲ್ಯು-7 ಅರ್ಜಿಯನ್ನು ಫೆಡರಲ್ ರಿಟರ್ನ್ ಜೊತೆಗೇ ಕಳುಹಿಸಿ.

ಬೆಂಗಳೂರಿನಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿಗಾಗಿ ಮನೆ ಮಾಲೀಕರ ಬೆನ್ನು ಹತ್ತಿ ಬಾಡಿಗೆ ರಸೀದಿ ಪಡೆಯುತ್ತಿದ್ದವರು ನ್ಯೂಜೆರ್ಸಿಯ ಎಡಿಸನ್ ಊರಿಗೆ ಬಂದ ಮೇಲೆ ಬಾಡಿಗೆಯ ಮಾತೇ ಎತ್ತುವುದಿಲ್ಲ. ಇಲ್ಲಿ ವರ್ಷದ ಬಾಡಿಗೆಯ ಶೇ 18ನ್ನು ನೀವು ಕಟ್ಟಿದ ಆಸ್ತಿ ತೆರಿಗೆ ಎಂದೇ ಪರಿಗಣಿಸಿ ಆದಾಯದಿಂದ ಕಳೆಯಲು ಅವಕಾಶವಿದೆ. ತಿಂಗಳಿಗೆ 2,500 ಡಾಲರ್ ಬಾಡಿಗೆಯಾದರೆ 5,400 ಡಾಲರ್ ಕಡಿತ. ಮೇಲೆ ಹೇಳಿದ ಹಂತದಲ್ಲಿ ಉಳಿತಾಯ ಮುನ್ನೂರು ಡಾಲರಿನ ಹತ್ತಿರ, ಮೂರು ಮಕ್ಕಳ ವಿನಾಯಿತಿಗಿಂತ ಹೆಚ್ಚು. ಆಸ್ತಿ ತೆರಿಗೆಯೇ ಇಲ್ಲದ ವಿಶ್ವವಿದ್ಯಾಲಯದ ವಸತಿಯಲ್ಲಿರುವವರಿಗೆ ಇದು ಅನ್ವಯಿಸದು.

ಇನ್ನು ಎಲ್ಲರೂ ಕೇಳುವುದು ತಂದೆತಾಯಿಯರ ವಿಷಯ. ಅವರ ಆರೋಗ್ಯ ವಿಮೆಯ ಕಂತನ್ನು ಭಾರತದ ಆದಾಯ ತೆರಿಗೆಯ 80ಡಿ ಸೆಕ್ಷನ್ ಅಡಿ ತೋರಿಸಿ ಅಭ್ಯಾಸವಾದವರಿಗೆ ಇಲ್ಲಿನ ನಿಯಮ ನೋವುಂಟುಮಾಡುತ್ತದೆ. ಅವಲಂಬಿತರು ಅಮೆರಿಕದ ಪ್ರಜೆಗಳೋ ನಿವಾಸಿಗಳೋ ಆಗಿರಬೇಕು, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೋದಲ್ಲಿ ನೆಲೆಸಿರಬೇಕು ಎಂಬ ಫೆಡರಲ್ ವ್ಯಾಖ್ಯೆಯನ್ನೇ ರಾಜ್ಯವೂ ಅನುಸರಿಸುತ್ತದೆ. ಶಿರಸಿಯಲ್ಲಿರುವ ತಾಯಿಯ ಔಷಧಿ, ಅವರನ್ನು ನೋಡಿಕೊಳ್ಳುವವರ ಸಂಬಳ ಎಲ್ಲವೂ ನಿಮ್ಮದೇ ಆದರೂ ಅವರ ಹೆಸರಿಗೆ ಈ ಕಾಗದದಲ್ಲಿ ಜಾಗವಿಲ್ಲ. ಇಷ್ಟು ವರ್ಷಗಳಾದರೂ ನನ್ನ ಮನಸ್ಸು ಇದನ್ನು ಒಪ್ಪಿಲ್ಲ. ನಮ್ಮ ಮಕ್ಕಳು ರಿಟರ್ನಿನಲ್ಲಿರುವ ಹೆಸರುಗಳಷ್ಟೇ ಕುಟುಂಬ ಎಂದುಕೊಂಡು ಬೆಳೆದಾರು ಎಂಬ ಕಳವಳವೂ ಇದೆ. ಊರಿಗೆ ಹಣ ಕಳುಹಿಸುವಾಗ ಅದು ಯಾರಿಗೆ, ಏಕೆ ಎಂದು ಅವರಿಗೆ ತಿಳಿಸಿ ಹೇಳಿ. ಹಾಗೆಂದು ಊರಿನಲ್ಲಿರುವವರನ್ನು ಇಲ್ಲಿರುವಂತೆ ತೋರಿಸುವ ಕೆಲಸಕ್ಕೆ ಮಾತ್ರ ಎಂದೂ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಪಡೆದು ಅವರು ನಿಮ್ಮೊಡನೆ ನೆಲೆಸಿದರೆ, ಅವರ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ನೀವೇ ಭರಿಸುತ್ತಿದ್ದು ಅವರ ಸ್ವಂತ ಆದಾಯ ಫೆಡರಲ್ ಮಿತಿಯೊಳಗಿದ್ದರೆ, ಅದೇ 1,500 ಡಾಲರ್ ಅವರಿಗೂ ಅನ್ವಯಿಸುತ್ತದೆ. ಊರಿನ ಮನೆಯ ಬಾಡಿಗೆ ಮತ್ತು ಬ್ಯಾಂಕ್ ಠೇವಣಿಯ ಬಡ್ಡಿಯನ್ನೂ ಆ ಆದಾಯಕ್ಕೆ ಸೇರಿಸಿಯೇ ಮಿತಿಯನ್ನು ನೋಡಬೇಕು.